ಉಸಿರು ಹಿಡ್ಕೊಳ್ಳಿ, ಚಾವಣಿ ಇಳೀತಿದೆ

"ಉಸಿರು ಹಿಡ್ಕೊಳ್ಳಿ! ಎಲ್ಲರೂ ಉಸಿರು ಹಿಡ್ಕೊಳ್ಳಿ!"

ಹಲ್ಲುಜ್ಜುವ ಬ್ರಷ್ಷನ್ನು ಬಾವುಟದಂತೆ ಎತ್ತಿ ಹಿಡಿದು ಅವನು ಹಿತ್ತಿಲಿಗೆ ಓಡಿ ಬರುವಷ್ಟರಲ್ಲಿ ಸುತ್ತಿಗೆಯ ಎರಡನೆಯ ಏಟು ಬಿದ್ದಾಗಿತ್ತು. ಹಿಂದಿನ ಕೋಣೆಯ ಚಾವಣಿಯ ಮೂಲೆಯ ಶೀಟು ಹಳೆಯ ಬಿಸ್ಕತ್ತಿನ ಹಾಗೆ ಮೊದಲು ಯೋಚಿಸಿತು, ಆಮೇಲೆ ಮುರಿಯಿತು. ಒಳಗಿಂದ ಬೂದುಬಿಳಿ ಧೂಳು ಎದ್ದು, ಎಲ್ಲಿಗೂ ಹೋಗುವ ಆತುರವಿಲ್ಲದವರ ಹಾಗೆ ಗಾಳಿಯಲ್ಲಿ ನಿಂತುಕೊಂಡಿತು. ಬೆಳಗಿನ ಬಿಸಿಲು ಅದರೊಳಗೆ ಹೊಕ್ಕು ಮಿನುಗಿತು. ನೋಡಲು ಬಹಳ ಚೆಂದವಾಗಿತ್ತು. ಅವನಿಗೆ ಹೆದರಿಕೆಯಾದದ್ದೇ ಅದಕ್ಕೆ.

ಚಾವಣಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ ಮೇಸ್ತ್ರಿ ಮಾತು ಕೇಳುವ ಮನುಷ್ಯ. ಕೆನ್ನೆ ಉಬ್ಬಿಸಿ ಉಸಿರು ಹಿಡಿದ. ಕಣ್ಣು ಕೆಂಪಾಯಿತು, ಕಿವಿ ಕೆಂಪಾಯಿತು. ಕೊನೆಗೆ ತಡೆಯಲಾರದೆ, "ಈಗ ಬಿಡಬಹುದಾ ಸಾರ್?" ಎಂದ.

"ಬಿಡಿ," ಎಂದ ಅವನು ಅಭ್ಯಾಸಬಲದಿಂದ.

ಅಭ್ಯಾಸ ಎಂದರೆ ಅವನ ಕೆಲಸದ್ದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು ಅವನು. ದಿನವಿಡೀ ಕತ್ತಲೆ ಕೋಣೆಯಲ್ಲಿ ನಿಂತು, ಅಂಗಿ ಬಿಚ್ಚಿ ನಡುಗುವ ಜನರಿಗೆ "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ" ಎನ್ನುವುದು ಬಿಟ್ಟು ಬೇರೆ ಮಾತಿಗೆ ಅವನ ನಾಲಿಗೆ ಅಷ್ಟಾಗಿ ಹೊರಳುತ್ತಿರಲಿಲ್ಲ. ಬೀದಿಯವರು ಅವನಿಗೆ ಉಸಿರಪ್ಪ ಎಂದೇ ಹೆಸರಿಟ್ಟಿದ್ದರು. ಶೀಟಿನ ಕಾರ್ಖಾನೆಯಲ್ಲಿ ದುಡಿದು ಮುದುಕರಾದವರ ಎದೆಗಳನ್ನು ಅವನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದ್ದ. ಆ ಎದೆಗಳನ್ನು ಯಾರೋ ಜೇಡಗಳಿಗೆ ಬಾಡಿಗೆಗೆ ಕೊಟ್ಟಂತೆ ಕಾಣುತ್ತಿತ್ತು. ಕಲ್ನಾರು, ಅಂದರೆ ಆಸ್ಬೆಸ್ಟಾಸು, ಶೀಟಿನೊಳಗೆ ಸುಮ್ಮನೆ ಮಲಗಿರುವ ತನಕ ಸಾಧು. ಒಡೆದರೆ ಎದ್ದು ಬರುತ್ತದೆ, ಎದೆಗೆ ಹೋಗಿ ಕೂರುತ್ತದೆ, ಮತ್ತೆ ಏಳುವುದಿಲ್ಲ.

ಇದನ್ನೆಲ್ಲ ಅವನು ಹೆಂಡತಿಗೆ ಹೇಳಿದ್ದ. ಹೇಳಬಾರದಿತ್ತು. ಮಗುವಿನೊಂದಿಗೆ ತಾಯಿಮನೆಯಲ್ಲಿದ್ದ ಅವಳು, "ಹಾಗಾದ್ರೆ ಆ ಚಾವಣಿ ಹೋಗೋ ತನಕ ನಾನು ಮಗುನ ಕರ್ಕೊಂಡು ಹೊಸ್ತಿಲು ದಾಟಲ್ಲ. ಅದು ಮಗು ಮಲಗೋ ಕೋಣೆ ರೀ," ಎಂದುಬಿಟ್ಟಿದ್ದಳು. ಮಗಳನ್ನು ಅವನು ಎತ್ತಿಕೊಂಡದ್ದು ಬೆರಳೆಣಿಕೆಯ ಸಲ. ಈಗಂತೂ ನಿದ್ದೆಯಲ್ಲಿ ಅವನ ತೋಳು ತಾನಾಗಿಯೇ ಮಡಚಿಕೊಂಡು, ಇಲ್ಲದ ಭಾರವೊಂದನ್ನು ತೂಗುತ್ತಿತ್ತು. ಇವತ್ತು ಸಂಜೆ ಅವರು ಬರುವವರಿದ್ದರು. ಸಂಜೆಯೊಳಗೆ ಹಳೆಯದು ಇಳಿಯಬೇಕು, ಹೊಸದು ಏರಬೇಕು. ಅಂಗಡಿಯಲ್ಲಿ ಅರ್ಧ ದಿನ ನಿಂತು ಅವನೇ ಆರಿಸಿದ ಎಳೆ ಹಸಿರಿನ ತಗಡುಗಳು ಮಧ್ಯಾಹ್ನಕ್ಕೆ ಬರುವುದಿದ್ದವು.

"ಮೇಸ್ತ್ರಿಗಳೇ, ನಿನ್ನೆ ನಾನು ಹೇಳಿದ್ದೇನು?"

"ನಿಧಾನವಾಗಿ ತೆಗೀಬೇಕು ಅಂದ್ರಿ."

"ಮತ್ತೆ?"

"ನಿಧಾನವಾಗೇ ಹೊಡೆದೆ ಸಾರ್. ಬೇರೆಯವರ ಮನೇಲಾದ್ರೆ ಇಷ್ಟು ಹೊತ್ತಿಗೆ ಪೂರ್ತಿ ಕೆಡವಿ ಬೀಡಿ ಸೇದ್ತಿದ್ದೆ."

"ಹೊಡೀಬಾರ್ದು! ಮೊದಲು ನೀರು ಹಾಕಿ ನೆನೆಸ್ಬೇಕು. ಹುಕ್ಕಿನ ಬೋಲ್ಟು ಒಂದೊಂದೇ ಬಿಚ್ಚಬೇಕು. ಶೀಟಿಗೆ ಒಂದು ಚೂರೂ ನೋವಾಗದ ಹಾಗೆ ಇಳಿಸ್ಬೇಕು. ಮಲಗಿರೋ ಮಗುನ ಎತ್ಕೊಳ್ಳಲ್ವಾ, ಹಾಗೆ."

"ಆಯ್ತು ಬಿಡಿ," ಎಂದ ಮೇಸ್ತ್ರಿ. ಜಗತ್ತಿನ ಸಕಲ ಸಂಗತಿಗೂ ಅವನ ಉತ್ತರ ಇದೇ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಪಾನಾ ಕೈಗೆತ್ತಿಕೊಂಡ.

ಅಷ್ಟರಲ್ಲಿ ಪಕ್ಕದ ಕಾಂಪೌಂಡಿನ ಮೇಲೆ ಒಂದು ಬೋಳುತಲೆ ಸೂರ್ಯನಂತೆ ಮೂಡಿತು. ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದು ನಿವೃತ್ತರಾದವರು. ಆಜ್ಞೆ ಕೊಡಲು ಮಕ್ಕಳಿಲ್ಲದೆ ಗಿಡಗಳಿಗೆ ಕೊಡುತ್ತಿದ್ದರು. ಅವರ ತೋಟದ ಗಿಡಗಳೆಲ್ಲ ಸಾಲಾಗಿ, ಎದೆ ಸೆಟೆಸಿ ನಿಂತಿರುತ್ತಿದ್ದವು.

"ಏನಯ್ಯಾ ಉಸಿರಪ್ಪ, ಮೈಯೆಲ್ಲ ಬೆಳ್ಳಗಾಗಿದೆ? ಹಿಟ್ಟಿನ ಗಿರಣಿಯಲ್ಲಿ ಹೊರಳಾಡಿದ ಹಾಗಿದೀಯಲ್ಲೋ!"

"ಕಲ್ನಾರಿನ ಧೂಳು ಮೇಷ್ಟ್ರೇ. ಕಿಟಕಿ ಹಾಕ್ಕೊಂಡು ಒಳಗಿರಿ."

ಒಳಗಿರುವ ಜನವೇ ಅಲ್ಲ ಅವರು. ತೋಟದ ಉದ್ದನೆ ಪೈಪು ಹಿಡಿದು ಬಂದರು. ಶೀಟು ನೆನೆಸಲು ನೀರು ಬೇಕೇ ಬೇಕಿತ್ತು, ಅದೇನೋ ಒಳ್ಳೆಯದಾಯಿತು. ಆದರೆ ಶೀಟು ನೆನೆದಾದ ಮೇಲೆ ಪೈಪಿನ ಬಾಯಿ ಅವನ ಕಡೆ ತಿರುಗಿತು.

"ನೆಟ್ಟಗೆ ನಿಲ್ಲು! ಕೈ ಮೇಲೆ! ಎಡಕ್ಕೆ ತಿರುಗು! ಕಿವಿ ಹಿಂದೆ ತೋರ್ಸು!"

ಅವನು ತಿರುಗಿದ. ಬ್ರಷ್ಷು ಇನ್ನೂ ಕೈಯಲ್ಲೇ ಇತ್ತು. ಎದುರುಮನೆಯ ಮಹಡಿಯಲ್ಲಿ ಸುದ್ದಿಯತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಈ ದೃಶ್ಯವನ್ನು ಅಲ್ಲಿಂದಲೇ ಬಿತ್ತರಿಸುತ್ತಿದ್ದಳು. ಬೀದಿಯಲ್ಲಿ ಬೆಕ್ಕು ಮರಿ ಹಾಕಿದರೂ ಗಂಡು ಬೆಕ್ಕಿಗೆ ಸುದ್ದಿ ಮುಟ್ಟಿಸುವವಳು ಅವಳು. "ಈಗ ಬಲಗಡೆ ತಿರುಗಿದ ಕಣೇ... ಹೂಂ, ಪಾಪ, ನಡುಗ್ತಿದಾನೆ... ಇಲ್ಲ, ಚಾವಣಿ ಇನ್ನೂ ಇದೆ."

ಮರುಕ್ಷಣವೇ ಅವನ ಫೋನು ಬಡಿದುಕೊಂಡಿತು.

"ರೀ, ಎದುರುಮನೆ ಅತ್ತೆ ಹೇಳಿದ್ರು. ಬೆಳ್ಳಗಾಗಿದೀರಂತೆ."

"ಬಿಸಿಲಿಗೆ ಹಾಗೆ ಕಂಡಿರ್ಬೇಕು."

"ನಿಜ ಹೇಳಿ. ಇವತ್ತು ಆಗುತ್ತೋ ಇಲ್ವೋ? ಇಲ್ಲಾಂದ್ರೆ ನಾನು ಇಲ್ಲೇ ಇರ್ತೀನಿ, ಅಮ್ಮನಿಗೇನೂ ಭಾರ ಇಲ್ಲ."

"ಆಗುತ್ತೆ. ಆಗೇ ಆಗುತ್ತೆ. ಮಗು ಏನು ಮಾಡ್ತಿದಾಳೆ?"

ಅವಳು ಫೋನನ್ನು ಮಗುವಿನ ಮುಖದ ಬಳಿ ಹಿಡಿದಳೆಂದು ಕಾಣುತ್ತದೆ. ಒದ್ದೆ ಕಿವಿಯೊಳಗೆ ಪುಟ್ಟ ಸದ್ದೊಂದು ಬಂತು. ಒಳಗೆ, ಹೊರಗೆ. ಒಳಗೆ, ಹೊರಗೆ. ಎಳ್ಕೊಳ್ಳಿ, ಬಿಡಿ ಎಂದು ಯಾರೂ ಹೇಳುತ್ತಿರಲಿಲ್ಲ. ನೀರು ತೊಟ್ಟಿಕ್ಕಿಸುತ್ತ ಅವನು ಹಿತ್ತಿಲಿನ ನಡುವೆ ನಿಂತು, ಆ ಸದ್ದು ನಿಂತು ಎಷ್ಟೋ ಹೊತ್ತಾದರೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಆಮೇಲೆ ಅವನು ಬೇರೆಯೇ ಮನುಷ್ಯನಾದ. ಒಡೆದ ಶೀಟಿನ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಹೆಕ್ಕಿ, ದಪ್ಪ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದ. ಏಣಿಯ ಬುಡದಲ್ಲಿ ನಿಂತು ಮೇಸ್ತ್ರಿಗೆ ಪಾಠ ಹೇಳಿದ. ಶೀಟಿನೊಳಗಿನ ಕಣ್ಣಿಗೆ ಕಾಣದ ಸೂಜಿಗಳ ಬಗ್ಗೆ, ಎದೆಯ ಜೇಡಗಳ ಬಗ್ಗೆ, ಎಳೆ ಮಕ್ಕಳ ಉಸಿರು ಎಷ್ಟು ಚುರುಕು ಎಂಬುದರ ಬಗ್ಗೆ ಹೇಳಿದ. ಮೇಸ್ತ್ರಿ ಬೋಲ್ಟು ಬಿಚ್ಚುತ್ತ ಮೊದಮೊದಲು "ಆಯ್ತು ಬಿಡಿ" ಎನ್ನುತ್ತಿದ್ದ. ಆಮೇಲಾಮೇಲೆ ಸುಮ್ಮನಾದ. ಒಂದು ಸಲ ಪಾನಾ ಕೆಳಗಿಟ್ಟು, "ಎಳೆ ಮಕ್ಕಳಿಗೆ ಅಷ್ಟೊಂದಾ ಸಾರ್?" ಎಂದು ಕೇಳಿ, ದೂರದಲ್ಲಿ ಯಾವುದೋ ಮನೆಯ ಕಡೆ ನೋಡುತ್ತ ಕೂತುಬಿಟ್ಟ. ಕೊನೆಗೂ ಒಬ್ಬನ ತಲೆಗೆ ಮಾತು ಹೋಯಿತಲ್ಲ ಎಂದು ಉಸಿರಪ್ಪನ ಎದೆ ತುಂಬಿ ಬಂತು.

ಶೀಟುಗಳು ಒಂದೊಂದೇ ಇಳಿದವು. ಒಂದಕ್ಕೂ ಬಿರುಕಿಲ್ಲ. ಕೊನೆಯದು ತೂತಿನ ಶೀಟು.

ಆ ಚಾವಣಿಯಲ್ಲಿ ಅವನಿಗೆ ಪ್ರೀತಿಯಿದ್ದದ್ದು ಆ ತೂತೊಂದರ ಮೇಲೆಯೇ. ಎಂದೋ ಒಂದು ಬೋಲ್ಟು ಕಳಚಿ ಬಿದ್ದು ಆದದ್ದು. ಅದರಿಂದ ಬೆಳಕಿನ ಬಿಲ್ಲೆಯೊಂದು ಕೋಣೆಗೆ ಇಳಿದು, ಮಧ್ಯಾಹ್ನ ನೆಲದ ಮೇಲೆ ತೆವಳಿ, ಸಂಜೆಗೆ ಗೋಡೆ ಹತ್ತಿ, ದೀಪದ ಮೊಳೆಯ ಹತ್ತಿರ ಕರಗಿಹೋಗುತ್ತಿತ್ತು. ಹೆಂಡತಿ ತುಂಬಿದ ಬಸುರಿಯಾಗಿ ಆ ಕೋಣೆಯಲ್ಲಿ ಮಲಗಿರುತ್ತಿದ್ದ ಮಧ್ಯಾಹ್ನಗಳಲ್ಲಿ ಬಿಲ್ಲೆ ಅವಳ ಹೊಟ್ಟೆಯ ಮೇಲೆ ಹಾದುಹೋಗುತ್ತಿತ್ತು. ಅದು ದಾಟುವ ತನಕ ಇಬ್ಬರೂ ಮಾತಾಡುತ್ತಿರಲಿಲ್ಲ. "ದಾಟ್ತು," ಎನ್ನುತ್ತಿದ್ದಳು ಅವಳು, ಯಾರೋ ಪ್ರಯಾಣಿಕನನ್ನು ಹೊಳೆ ದಾಟಿಸಿದವಳ ಹಾಗೆ.

ಅವನು ಒದ್ದೆ ಶೀಟನ್ನು ಸವರಿದ. ತೂತಿಗೆ ಬೆರಳು ತೂರಿಸಿದ. ಆಚೆ ಬದಿಯಲ್ಲಿ ಹೊರಬಂದ ಬೆರಳು ಬೇರೆ ಯಾರದೋ ಎನ್ನಿಸಿತು. ತಾನು ಗೊತ್ತಿಲ್ಲದ ಯಾರನ್ನೋ ಬೀಳ್ಕೊಡುತ್ತಿದ್ದಂತೆ. ಏಣಿಯ ಮೇಲಿಂದ ಮೇಸ್ತ್ರಿ ಇದನ್ನು ನೋಡಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡ.

ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಅಂಟಿಸಿ, ಮೇಲೆ ‘ಅಪಾಯ’ ಎಂದು ಬರೆದದ್ದಾಯಿತು. ಇನ್ನು ಸಾಗಿಸಬೇಕು. ನಗರದ ಕಸದ ಕಚೇರಿಗೆ ಫೋನು ಮಾಡಿದರೆ, "ಅದಕ್ಕೆ ಗಾಡಿ ಬೇರೆ ಇದೆ. ಆ ಗಾಡಿ ರಿಪೇರಿಗೆ ಹೋಗಿದೆ. ರಿಪೇರಿಯವನು ರಜೆ ಹೋಗಿದಾನೆ," ಎಂದು ಒಂದು ನಿದ್ದೆಗಣ್ಣಿನ ದನಿ ಹೇಳಿತು.

"ಆಯ್ತು ಬಿಡಿ," ಎಂದ ಮೇಸ್ತ್ರಿ. "ನಮ್ಮ ಭಾವಮೈದನ ಗಾಡಿ ಇದೆ. ಇಂಥದ್ದನ್ನೆಲ್ಲ ಅವನೇ ನೋಡ್ಕೊಳ್ಳೋದು."

ಭಾವಮೈದ ಬಂದ. ಅವನ ತಲೆಗೆ ಹಳದಿ ಹೆಲ್ಮೆಟ್ಟು, ಮೊಣಕೈವರೆಗೆ ಕೈಗವಸು, ಮುಖದಲ್ಲಿ ಹೆಣ ಹೊರುವವರ ಗಾಂಭೀರ್ಯ. ಉಸಿರಪ್ಪನಿಗೆ ಅವನನ್ನು ನೋಡಿದ ಕೂಡಲೇ ನಂಬಿಕೆ ಬಂತು.

"ಇದನ್ನ ಎಲ್ಲಿಗೆ ತಗೊಂಡು ಹೋಗ್ತೀರಾ?"

"ಇದು ಎಲ್ಲಿ ಇರ್ಬೇಕೋ ಅಲ್ಲಿಗೆ," ಎಂದ ಭಾವಮೈದ.

ಜವಾಬ್ದಾರಿಯುಳ್ಳ ಮನುಷ್ಯ! ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅವನು ಕೈ ಎತ್ತಿಯೇ ನಿಂತಿದ್ದ.

ಅಲ್ಲಿಂದ ಮುಂದೆ ಒರೆಸಿದ. ಕಿಟಕಿ ಒರೆಸಿದ, ತೊಟ್ಟಿಲು ಒರೆಸಿದ, ಬಾಗಿಲ ಹಿಂದಿನ ಮೊಳೆಯನ್ನೂ ಒರೆಸಿದ. ಒರೆಸಿದ ಬಟ್ಟೆಯನ್ನು ಇನ್ನೊಂದು ಬಟ್ಟೆಯಿಂದ ಒರೆಸತೊಡಗಿದಾಗ ಡ್ರಿಲ್ ಮೇಷ್ಟ್ರು ಬಂದು ಅವನ ರಟ್ಟೆ ಹಿಡಿದು ತಮ್ಮ ಜಗುಲಿಗೆ ಎಳೆದೊಯ್ದರು. "ಹೊಸ ತಗಡು ಏರೋ ತನಕ ಆ ಕಡೆ ಕಾಲಿಡಕೂಡದು. ಕೂತ್ಕೋ! ಕಣ್ಣು ಮುಚ್ಚು! ವಿಶ್ರಾಂತಿ ತಗೋ!" ಬೆತ್ತದ ಕುರ್ಚಿಯಲ್ಲಿ ಅವನು ಆಜ್ಞೆಯಂತೆ ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದರೆ ಎಕ್ಸ್‌ರೇ ಕೋಣೆ. ಹೊರಗೆ ಬೆಂಚಿನ ಮೇಲೆ ಸಾಲಾಗಿ ಮನೆಗಳು ಕೂತಿದ್ದವು. ಒಂದೊಂದಾಗಿ ಒಳಗೆ ಬಂದು, ನಾಚಿಕೆಯಿಂದ ಚಾವಣಿ ಕಳಚಿ ಮೂಲೆಯಲ್ಲಿಟ್ಟು, ತಟ್ಟೆಗೆ ಎದೆಯೊತ್ತಿ ನಿಂತವು. "ಎಳ್ಕೊಳ್ಳಿ," ಎಂದ. ಪರದೆಗಳೆಲ್ಲ ಒಳಕ್ಕೆ ಸೆಳೆದುಕೊಂಡವು. "ಹಿಡ್ಕೊಳ್ಳಿ." ಬಾಗಿಲುಗಳು ಬಿಗಿದುಕೊಂಡವು. ಎದೆಗಳೊಳಗೆ ಪುಟ್ಟ ಪುಟ್ಟ ತೊಟ್ಟಿಲುಗಳು ಬಿಳಿಯಾಗಿ ಕಂಡವು. ಆಮೇಲೆ ಮನೆಗಳು ಹೊರಡುವಾಗ ನೂಕುನುಗ್ಗಲಿನಲ್ಲಿ, ಸಭೆ ಮುಗಿದ ಮೇಲೆ ಜನ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋಗುವಂತೆ, ಒಂದರ ಚಾವಣಿಯನ್ನು ಇನ್ನೊಂದು ಹಾಕಿಕೊಂಡು ಹೊರಟವು. ಅವನು ಕೂಗಬೇಕೆಂದುಕೊಂಡ. ಆದರೆ ಅವನೇ ಉಸಿರು ಹಿಡಿದಿದ್ದ. ‘ಬಿಡಿ’ ಎಂದು ಹೇಳಬೇಕಾದವರು ಯಾರೂ ಅಲ್ಲಿರಲಿಲ್ಲ.

"ಏಳೋ ಮಾರಾಯ! ನಿನ್ನ ಹೆಂಡ್ತಿ ಟ್ಯಾಕ್ಸಿ ಹತ್ತಿ ಆಗ್ಲೇ ಎಷ್ಟೋ ಹೊತ್ತಾಯ್ತು!" ಸುದ್ದಿಯತ್ತೆ ಅವನ ಭುಜ ಅಲುಗಿಸುತ್ತಿದ್ದಳು.

ಬಿಸಿಲು ಓರೆಯಾಗಿತ್ತು. ಅವನು ಎದ್ದುಬಿದ್ದು ಹಿತ್ತಿಲಿಗೆ ಓಡಿದ. ಕೋಣೆಯ ಮೇಲೆ ಚಾವಣಿ ಕೂತಿತ್ತು. ಹಸಿರು! ಎಳೆ ಹಸಿರಲ್ಲ, ಕೊಂಚ ಗಾಢ, ಆದರೂ ಹಸಿರೇ. ಮೇಸ್ತ್ರಿ ಏಣಿ ಮಡಚುತ್ತಿದ್ದ.

"ಅಂಗಡೀಲಿ ನೋಡಿದ್ದು ಇನ್ನೂ ತೆಳು ಬಣ್ಣ ಅಲ್ವಾ?"

"ಅಂಗಡೀಲಿ ದೀಪದ ಬೆಳಕು ಸಾರ್. ಬಯಲಿಗೆ ಬಂದ್ರೆ ಬಣ್ಣ ಮಾಗುತ್ತೆ."

ಉಸಿರಪ್ಪ ಕೋಲಿನಿಂದ ಮೆಲ್ಲಗೆ ತಟ್ಟಿದ. ಠಣ್ ಎನ್ನಬೇಕಾದದ್ದು ಟೊಪ್ ಎಂದಿತು.

"ಇದು ಸದ್ದೇ ಮಾಡಲ್ವಲ್ಲ?"

"ಮಗು ಮಲಗೋ ಕೋಣೆ ಸಾರ್. ಸದ್ದು ಮಾಡೋ ತಗಡು ಯಾಕೆ?"

"ಹಸಿ ಬಣ್ಣದ ವಾಸನೆ ಬರ್ತಿದೆ."

"ಹೊಸದು ಅಂದ್ಮೇಲೆ ಹಸಿ ಇರಲ್ವಾ? ಕೈ ಹಾಕ್ಬೇಡಿ, ಅಂಟುತ್ತೆ."

ಅಂದರೆ ಬಹಳ ಹೊಸದು. ಅವನಿಗೆ ಖುಷಿಯಾಯಿತು. ಅಷ್ಟರಲ್ಲಿ ಗೇಟಿನ ಬಳಿ ಟ್ಯಾಕ್ಸಿ ನಿಂತ ಸದ್ದಾಯಿತು.

ಹೆಂಡತಿ ಇಳಿದಳು. ಬಿಳಿ ಬಟ್ಟೆಯ ಗಂಟಿನೊಳಗಿಂದ ಒಂದು ಮೂಗು ಮಾತ್ರ ಹೊರಗೆ ಕಾಣುತ್ತಿತ್ತು. ಅವನು ತೋಳು ಚಾಚಿದ.

"ಮೊದಲು ಕೋಣೆ," ಎಂದಳು ಅವಳು.

ಎಲ್ಲರೂ ಮೆರವಣಿಗೆ ಹೊರಟರು. ಮುಂದೆ ಅವನು, ಹಿಂದೆ ಮಗು ಎತ್ತಿಕೊಂಡ ಹೆಂಡತಿ, ಅವಳ ಹಿಂದೆ ಡ್ರಿಲ್ ಮೇಷ್ಟ್ರು, ಸುದ್ದಿಯತ್ತೆ, ಕೊನೆಯಲ್ಲಿ ಹೆಲ್ಮೆಟ್ಟು ಎದೆಗೊತ್ತಿಕೊಂಡ ಭಾವಮೈದ ಮತ್ತು ಮೇಸ್ತ್ರಿ. ಅವನು ಬಾಗಿಲು ತೆರೆದು ಒಳಗೆ ಕಾಲಿಟ್ಟ. ಒಳಗೆ ತಂಪಾದ ಮಬ್ಬು. ತೊಟ್ಟಿಲು, ಶುಭ್ರವಾದ ಗೋಡೆ. ಗೋಡೆಯ ಮೇಲೆ, ತೊಟ್ಟಿಲಿಗಿಂತ ಒಂದು ಗೇಣು ಎತ್ತರದಲ್ಲಿ, ಬೆಳಕಿನ ಬಿಲ್ಲೆ.

ಒಂದು ಕ್ಷಣ ಅವನಿಗೆ ಸಂತೋಷವಾಯಿತು. ಹಳೆಯ ಗೆಳೆಯನನ್ನು ಕಂಡ ಹಾಗೆ. ಎರಡನೆಯ ಕ್ಷಣದಲ್ಲಿ ಅವನ ಕಣ್ಣು ಬಿಲ್ಲೆಯಿಂದ ಚಾವಣಿಗೆ ಏರಿತು. ಮೂರನೆಯ ಕ್ಷಣದಲ್ಲಿ ಅವನು ಜಿಗಿದು ಹೋಗಿ ಗೋಡೆಗೆ ಬೆನ್ನೊತ್ತಿ ನಿಂತ.

"ಚೆನ್ನಾಗಿದೆ," ಎಂದಳು ಹೆಂಡತಿ ಸುತ್ತ ನೋಡುತ್ತ. "ನೀವ್ಯಾಕೆ ಎಕ್ಸ್‌ರೇ ತೆಗೆಸ್ಕೊಳ್ಳೋರ ಹಾಗೆ ನಿಂತಿದೀರಾ?"

"ಸುಮ್ನೆ. ಗೋಡೆ ತಂಪಾಗಿದೆ."

ಅವಳ ಕಣ್ಣು ಅವನ ಎದೆಯ ಮೇಲೆ ನಿಂತಿತು. ಬಿಲ್ಲೆ ಈಗ ಅವನ ಅಂಗಿಯ ಜೇಬಿನ ಮೇಲೆ ಹೊಳೆಯುತ್ತಿತ್ತು. ಅವನು ಕೈ ಅಡ್ಡ ಹಿಡಿದ. ಅದು ಕೈ ಮೇಲೆ ಕೂತಿತು. ಕೈ ತೆಗೆದ. ಜೇಬಿಗೆ ಮರಳಿತು. ಅದೆಷ್ಟು ಮಧ್ಯಾಹ್ನ ಅವಳ ಹೊಟ್ಟೆ ದಾಟಿದ್ದ ಬಿಲ್ಲೆಯನ್ನು ಅವಳಿಗೆ ಯಾರೂ ಪರಿಚಯಿಸಬೇಕಿರಲಿಲ್ಲ. ಅವಳು ತಲೆಯೆತ್ತಿ ತೂತನ್ನು ನೋಡಿದಳು. ಮಗುವಿನ ಮುಖದ ಮೇಲೆ ಬಟ್ಟೆ ಎಳೆದು, ತಿರುಗಿ, ಮೆರವಣಿಗೆಯನ್ನು ಸೀಳಿಕೊಂಡು ಹೊರಗೆ ಹೋದಳು.

ಉಸಿರಪ್ಪ ತೊಟ್ಟಿಲ ಪಕ್ಕದ ಸ್ಟೂಲು ಹತ್ತಿ ಚಾವಣಿಯ ಅಂಚಿಗೆ ಒದ್ದೆ ಬಟ್ಟೆಯೊತ್ತಿ ಎಳೆದ. ಹಸಿರು ಬಟ್ಟೆಗೆ ಬಂತು. ಕೆಳಗೆ ಬೂದುಬಣ್ಣ.

"ಮೇಸ್ತ್ರೀ!"

ಹಿತ್ತಿಲಿನಲ್ಲಿ ಎಲ್ಲರೂ ಸುತ್ತ ನಿಂತರು. ಮೇಸ್ತ್ರಿ ಕಾಲಿನ ಹೆಬ್ಬೆರಳಿನಿಂದ ನೆಲ ಗೀಚಿದ.

"ಸಾರ್, ಬೈಬೇಡಿ. ಒಡೆದು ಪುಡಿ ಆಗಿದ್ರೆ ಈ ಯೋಚನೆನೇ ಬರ್ತಿರ್ಲಿಲ್ಲ. ನೀವು ಅಷ್ಟು ನಾಜೂಕಾಗಿ, ಒಂದು ಬಿರುಕಿಲ್ಲದ ಹಾಗೆ ಇಳಿಸಿದ್ರಿ. ಅಂಥ ಶೀಟು ಎಸೆಯೋಕೆ ಮನಸ್ಸು ಬರ್ಲಿಲ್ಲ. ಒಡೆದದ್ದರ ಜಾಗಕ್ಕೆ ನಮ್ಮನೇದು ಒಂದು ತಂದು ಹಾಕಿದೀನಿ."

"ಇವನು ‘ಎಲ್ಲಿ ಇರ್ಬೇಕೋ ಅಲ್ಲಿಗೆ’ ಅಂದ್ನಲ್ಲ!"

"ಅಲ್ಲೇ ಇದೆಯಲ್ಲ ಸಾರ್," ಎಂದ ಭಾವಮೈದ ಗಂಭೀರವಾಗಿ.

"ತೂತನ್ನಾದ್ರೂ ಮುಚ್ಚಬಾರ್ದಿತ್ತೇನಯ್ಯಾ, ಕಳ್ಳಕೆಲಸಾನೂ ನೆಟ್ಟಗೆ ಮಾಡಕ್ಕೆ ಬರಲ್ಲ!" ಎಂದು ಗುಡುಗಿದರು ಡ್ರಿಲ್ ಮೇಷ್ಟ್ರು.

"ಮುಚ್ಚೋಕೆ ಹೋದೆ. ಆಮೇಲೆ ಬೆಳಿಗ್ಗೆ ಸಾರ್ ಅದಕ್ಕೆ ಬೆರಳಿಟ್ಟು ಕಣ್ಣೀರು ಹಾಕ್ತಾ ನಿಂತಿದ್ದು ನೆನಪಾಯ್ತು. ಪಾಪ, ಇರ್ಲಿ ಅಂತ ಬಿಟ್ಟೆ."

"ನನ್ನ ತಗಡು? ನನ್ನ ಹಸಿರು ತಗಡು ಎಲ್ಲಿ?"

ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ. "ನಮ್ಮನೇಲೂ ಇದೇ ಶೀಟು ಸಾರ್. ಮೊಮ್ಮಗಳು ಹುಟ್ಟಿದಾಳೆ, ನಿಮ್ಮ ಮಗುಗಿಂತ ಚಿಕ್ಕದು. ಇಷ್ಟು ವರ್ಷ ಎಷ್ಟು ಮನೆಯದನ್ನ ಒಡೆದಿದೀನೋ, ಯಾರೂ ಒಂದು ಮಾತು ಹೇಳಿರ್ಲಿಲ್ಲ. ನೀವು ಏಣಿ ಕೆಳಗೆ ನಿಂತು ಆ ಜೇಡದ ವಿಷ್ಯ ಹೇಳಿದ್ರಲ್ಲ, ನಂಗೆ ಮೇಲೆ ಕೂತಲ್ಲೇ ಕೈಕಾಲು ಆಡ್ಲಿಲ್ಲ. ನೀರು ಹಾಕಿ, ಬೋಲ್ಟು ಬಿಚ್ಚಿ, ನಮ್ಮನೇದನ್ನೂ ನೀವು ಹೇಳಿದ ಹಾಗೇ ಇಳಿಸ್ದೆವು ಸಾರ್. ಒಂದು ಕಣ ಧೂಳು ಏಳ್ಲಿಲ್ಲ."

ಸುದ್ದಿಯತ್ತೆಯ ಕೈಯಲ್ಲಿ ಫೋನಿತ್ತು. ಇದನ್ನು ಯಾರಿಗೆ, ಯಾವ ತುದಿಯಿಂದ ಹೇಳುವುದೆಂದು ಗೊತ್ತಾಗದೆ ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆಯ್ತು ಬಿಡಿ," ಎಂದು ಮೇಸ್ತ್ರಿ ಕಣ್ಣೊರೆಸಿಕೊಂಡು ಸೊಂಟದ ಸುತ್ತಿಗೆ ಎಳೆದ. "ಈಗ್ಲೇ ಹತ್ತಿ ಎರಡೇಟು ಹಾಕಿದ್ರೆ..."

"ಬೇಡ!" ಎಂದು ಇಡೀ ಹಿತ್ತಿಲು ಕೂಗಿತು. ಅಭ್ಯಾಸವಾಗಿಹೋಗಿತ್ತೇನೋ, ಕೂಗಿದವರೆಲ್ಲ ಉಸಿರು ಹಿಡಿದುಕೊಂಡರು.

ಗೇಟಿನಾಚೆ ಟ್ಯಾಕ್ಸಿಯ ಬಾಗಿಲು ತೆರೆದೇ ಇತ್ತು. ಹೆಂಡತಿ ಒಳಗೆ ಕೂತು ಮಗುವನ್ನು ಮಡಿಲಲ್ಲಿ ಸರಿಪಡಿಸಿಕೊಳ್ಳುತ್ತಿದ್ದಳು. ಉಸಿರಪ್ಪ ಹೋಗಿ ಬಾಗಿಲ ಬಳಿ ನಿಂತ. ಮಗಳು ಎಚ್ಚರವಾಗಿದ್ದಳು, ಅವನನ್ನೇ, ಅಥವಾ ಅವನ ಹಿಂದಿನ ಆಕಾಶವನ್ನು, ನೋಡುತ್ತಿದ್ದಳು. ಅವನ ತೋಳು ತಾನಾಗಿಯೇ ಮಡಚಿಕೊಂಡಿತು.

"ಇನ್ನೊಂದು ವಾರ ಅಷ್ಟೇ," ಎಂದ. "ಬೇರೆ ತಗಡು ನೋಡ್ತೀನಿ. ಬೇರೆ ಮೇಸ್ತ್ರಿ ನೋಡ್ತೀನಿ."

ಹಿಂದಿನಿಂದ ಓಡಿಬಂದ ಮೇಸ್ತ್ರಿ ಏದುಸಿರು ಬಿಡುತ್ತ ಟ್ಯಾಕ್ಸಿಯ ಕಿಟಕಿಗೆ ಬಗ್ಗಿದ. ಅವನ ಮುಖದ ಮೇಲೆ ಎಲ್ಲ ತೊಂದರೆಗೂ ದಾರಿ ಹೊಳೆದವನ ಕಳೆಯಿತ್ತು.

"ಅಮ್ಮಾ, ಮಗುನ ವಾಪಸ್ ಯಾಕೆ ಕರ್ಕೊಂಡು ಹೋಗ್ತೀರಾ? ಅಲ್ಲಿವರೆಗೆ ನೀವೂ ಸಾರೂ ನಮ್ಮನೇಲೇ ಬಂದಿರಿ. ಒಂದು ಕೋಣೆ ಬಿಟ್ಕೊಡ್ತೀವಿ. ತೊಟ್ಟಿಲೂ ಇದೆ. ಚಾವಣಿ ಹೊಸದು, ಒಂದು ತೂತಿಲ್ಲ. ಬಣ್ಣದ ಬಗ್ಗೆ ನಾನೇನು ಹೇಳ್ಲಿ, ಸಾರೇ ಆರಿಸಿದ್ದಲ್ವಾ!"

ಹೆಂಡತಿ ಮಗುವಿನ ಮುಖ ನೋಡಿದಳು. ಮೇಸ್ತ್ರಿಯ ಮುಖ ನೋಡಿದಳು.

"ಎಷ್ಟು ದೂರ?" ಎಂದಳು.

ಉಸಿರಪ್ಪ ಉಸಿರು ಎಳೆದುಕೊಂಡ. ಹಿಡಿದುಕೊಂಡ. ಬಿಟ್ಟ.

"ನನ್ನ ತಗಡಿನ ಕೆಳಗೇ ನೆಂಟನಾಗಿ ನಾನು ಬರಲ್ಲ," ಎಂದ.